ಕೊಳೆರೋಗ ಜೂನಿಗೆ, ಹಣ ಜನವರಿಗೆ

ಅಡಿಕೆಯ ಕೊಳೆರೋಗದ ಮೇಲೆ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಈಗ ಪ್ರಬಂಧ ಬರೆಯುವ ಹಂತದಲ್ಲಿದ್ದೇನೆ. ಕೆಲಸಕ್ಕೆ ಹಣ ಬಂದದ್ದು ಕೇಂದ್ರ ಸರ್ಕಾರದ ಮೂರು ವರ್ಷದ ಒಂದು ಯೋಜನೆಯಿಂದ. ಅರ್ಜಿ ಹಾಕಿದ್ದು 2021ರಲ್ಲಿ, ಮಂಜೂರಾದದ್ದು 2022ರ ಮಾರ್ಚ್‌ನಲ್ಲಿ, ಮುಗಿದದ್ದು 2025ರ ಮಾರ್ಚ್‌ನಲ್ಲಿ. ತೋಟಗಳೆಲ್ಲ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯವು. ನಮ್ಮ ಕಡೆಯಿಂದ ಸಂಶೋಧನೆಗೆ ಹೋಗಬೇಕೆಂದಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಪ್ರಾಜೆಕ್ಟ್ ಅಂದರೆ ಎಂತ, ಹಣ ಹೇಗೆ ಬರುತ್ತದೆ, ಅದರಲ್ಲಿ ನಮ್ಮ ಕೆಲಸ ಎಷ್ಟು, ಕಾಗದದ ಕೆಲಸ ಎಷ್ಟು ಅಂತ ಕೇಳುತ್ತಾರೆ. ತೋಟದಲ್ಲಿ ನಮ್ಮನ್ನು ಕಂಡ ಕೃಷಿಕರೂ ಕೇಳಿದ್ದಾರೆ: "ನೀವು ಸರ್ಕಾರದವರಾ? ಇಷ್ಟು ವರ್ಷ ಆಯಿತಲ್ಲ, ಈ ರೋಗಕ್ಕೆ ಬೇರೆ ಮದ್ದು ಯಾಕೆ ಸಿಗಲಿಲ್ಲ?" ಇಬ್ಬರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ರೋಗದ ಬಗ್ಗೆ ಎರಡು ಮಾತು. ಕಾಸರಗೋಡಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಿಡದೆ ಮಳೆ ಹೊಡೆದು, ನಡುವೆ ಒಂದು ಸಲ ಬಿಸಿಲು ಬಂದು, ಮತ್ತೆ ಮಳೆ ಹಿಡಿಯಿತು ಅಂದರೆ ತೋಟದವರಿಗೆ ನಿದ್ದೆ ಇಲ್ಲ. ಎಳೆ ಅಡಿಕೆಯ ತೊಟ್ಟಿನ ಹತ್ತಿರ ಕಡು ಹಸಿರು ಬಣ್ಣದ ಒದ್ದೆ ಕಲೆ ಕಾಣುತ್ತದೆ. ಕಲೆ ಹಬ್ಬುತ್ತದೆ, ಅಡಿಕೆ ಉದುರುತ್ತದೆ, ಬಿದ್ದದ್ದರ ಮೇಲೆ ಬಿಳಿ ಬೂಷ್ಟು ಏಳುತ್ತದೆ. ಇದನ್ನು ಮಾಡುವುದು ಫೈಟಾಫ್ತೊರಾ ಎಂಬ ಜೀವಿ. ನೋಡಲು ಶಿಲೀಂಧ್ರದ ಹಾಗೆಯೇ ಇರುತ್ತದೆ, ಆದರೆ ಆ ಕುಲದ್ದಲ್ಲ. ಮಣ್ಣಿನಲ್ಲಿ ಅದು ಉಂಟೋ ಇಲ್ಲವೋ ನೋಡಲು ಒಂದು ಸುಲಭ ದಾರಿ ಇದೆ. ತೋಟದ ಮಣ್ಣನ್ನು ನೀರಿನಲ್ಲಿ ಕಲಸಿ, ಮೇಲೆ ಚೆನ್ನಾಗಿರುವ ಹಸಿ ಅಡಿಕೆ ತೇಲಿಬಿಡುವುದು. ಕೆಲವು ದಿನದಲ್ಲಿ ಅಡಿಕೆಗೆ ಕಲೆ ಬಿದ್ದರೆ ರೋಗಾಣು ಸಿಕ್ಕಿತು ಅಂತ ಲೆಕ್ಕ. ಆ ಅಡಿಕೆಯಿಂದ ಬೆಳೆಸಿದ ರೋಗಾಣುವನ್ನು ತಣ್ಣನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಿಂಬೆಯ ಆಕಾರದ ಪುಟ್ಟ ಚೀಲಗಳ ತುದಿ ಒಡೆದು ಒಳಗಿನಿಂದ ಬೀಜಕಗಳು ಸರಸರನೆ ಹೊರಗೆ ಈಜುತ್ತವೆ. ಅವಕ್ಕೆ ಬಾಲ ಉಂಟು. ನಾನು ಮೊದಲ ಸಲ ಇದನ್ನು ನೋಡಿದ ದಿನ ಊಟಕ್ಕೆ ಏಳಲಿಲ್ಲ. ಅಡಿಕೆಯ ಮೇಲೆ ನೀರಿನ ಒಂದು ತೆಳು ಪದರ ಇದ್ದರೂ ಸಾಕು, ಇವು ಈಜಿ ದಾಟುತ್ತವೆ.

ಮದ್ದು ಬೋರ್ಡೋ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಶುರುವಾಗುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ, ಮಳೆ ಎಳೆದರೆ ಮೂರನೆಯ ಸಲ. ಮೈಸೂರು ಸಂಸ್ಥಾನದ ಸರ್ಕಾರ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು 1908ರಲ್ಲಿ ಕೆಲಸಕ್ಕೆ ತೆಗೆದುಕೊಂಡಿತ್ತು. ಮಲೆನಾಡಿನ ತೋಟಗಳಲ್ಲಿ ಈ ರೋಗದ ಬೆನ್ನು ಹತ್ತಿ, ಅದನ್ನು ಆಳವಾಗಿ ಅಭ್ಯಾಸ ಮಾಡಿ, ಬೋರ್ಡೋವನ್ನು ಅಡಿಕೆಗೆ ಹೊಂದಿಸಿಕೊಟ್ಟವರು ಅವರು. ನೂರು ವರ್ಷ ದಾಟಿತು. ಇವತ್ತಿಗೂ ನಮ್ಮ ತೋಟಗಳಲ್ಲಿ ಬಿಡುವುದು ಅದೇ ಮದ್ದು.

ಪೆರ್ಲ ಕಡೆಯ ಒಬ್ಬ ಕೃಷಿಕರ ತೋಟದಲ್ಲಿ ನಮ್ಮ ಕೆಲಸದ ದೊಡ್ಡ ಪಾಲು ನಡೆಯಿತು. ನಾನು ಅವರನ್ನು ಮಾವ ಅಂತಲೇ ಕರೆಯುವುದು. ಮದ್ದು ಕಲಸುವಾಗ ಅವರು ಕಬ್ಬಿಣದ ಕತ್ತಿಯನ್ನು ಡ್ರಮ್ಮಿಗೆ ಅದ್ದಿ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಆಗ ಸುಣ್ಣದ ನೀರು ಇನ್ನಷ್ಟು ಸೇರಿಸಬೇಕು. ಕತ್ತಿ ಇದ್ದ ಹಾಗೆಯೇ ಇದ್ದರೆ ಮದ್ದು ಹದವಾಗಿದೆ. ನಮ್ಮ ಪಿಎಚ್ ಮೀಟರಿನ ಜೊತೆ ಹೋಲಿಸಿ ನೋಡಿದೆ, ಅವರ ಕತ್ತಿ ತಪ್ಪು ಹೇಳಲಿಲ್ಲ.

ಇದೇ ಮಾವ 2021ರ ಮಳೆಗಾಲದಲ್ಲಿ ನನಗೂ ನಮ್ಮ ಗೈಡ್ ಮೇಡಂಗೂ ತೋಟದ ಕೆಳಗಿನ ಬದಿಯಲ್ಲಿ ಕೆಲವು ಮರ ತೋರಿಸಿದರು. ಸುತ್ತಲಿನ ಮರಗಳ ಬುಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಅಡಿಕೆ ಬಿದ್ದಿತ್ತು. ಈ ಮರಗಳ ಬುಡದಲ್ಲಿ ಅಷ್ಟಿರಲಿಲ್ಲ. "ಇದು ನನ್ನ ಅಪ್ಪನ ಕಾಲದಿಂದಲೂ ಹೀಗೆಯೇ. ಮದ್ದು ತಪ್ಪಿದ ವರ್ಷವೂ ಇಷ್ಟೇ ಉದುರುವುದು. ಎಂತಕ್ಕೆ ಅಂತ ನೀವು ಓದಿದವರು ಹೇಳಬೇಕು" ಅಂದರು.

ಪ್ರಶ್ನೆ ಅಂದರೆ ಅದು. ಆ ಮರಗಳಿಗೆ ಹುಟ್ಟಿನಿಂದಲೇ ತಡೆಯುವ ಗುಣ ಉಂಟಾ? ಅಥವಾ ಅಲ್ಲಿ ಗಾಳಿ ಚೆನ್ನಾಗಿ ಆಡಿ ಗೊನೆ ಬೇಗ ಒಣಗುತ್ತದಾ? ತಿಳಿಯಬೇಕಾದರೆ ಆ ಮರದ ಬೀಜದಡಿಕೆ ತೆಗೆದು, ಗಿಡ ಮಾಡಿ, ಬೇರೆ ಬೇರೆ ಜಾಗದಲ್ಲಿ ನೆಡಬೇಕು. ಅಡಿಕೆ ಗಿಡ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು. ಆಮೇಲೆ ಕೆಲವು ಮಳೆಗಾಲ ಕಾದು ನೋಡಬೇಕು. ಹೇಗೆ ಲೆಕ್ಕ ಹಾಕಿದರೂ ಹತ್ತು ಹನ್ನೆರಡು ವರ್ಷದ ಕೆಲಸ.

ಅರ್ಜಿಯಲ್ಲಿ ಅವಧಿಯ ಕಾಲಂ ಇತ್ತು. ಗರಿಷ್ಠ 36 ತಿಂಗಳು.

ಮೇಡಂ ಮೊದಲ ಕರಡಿನಲ್ಲಿ ಆ ಪ್ರಶ್ನೆಯನ್ನೇ ಮೊದಲ ಗುರಿ ಅಂತ ಹಾಕಿದ್ದರು. ಗಿಡ ಮಾಡಿ ನೆಡುವುದನ್ನು ಈ ಮೂರು ವರ್ಷದಲ್ಲಿ ಮುಗಿಸುತ್ತೇವೆ, ಮುಂದಿನದ್ದಕ್ಕೆ ಮತ್ತೆ ಅರ್ಜಿ ಹಾಕುತ್ತೇವೆ ಎಂದು ವಿವರಿಸಿದ್ದರು. ತಜ್ಞರ ಸಮಿತಿಯ ಮುಂದೆ ಆನ್‌ಲೈನ್‌ನಲ್ಲಿ ವಿಷಯ ಮಂಡಿಸಬೇಕಾಗಿ ಬಂದಾಗ ನಾನು ಪಕ್ಕದಲ್ಲಿ ಕೂತಿದ್ದೆ. ಸಮಿತಿಯವರು ಒಳ್ಳೆಯವರೇ, ವಿಷಯ ಬಲ್ಲವರೇ. ಆದರೆ ಅವರ ಕೈಯಲ್ಲಿರುವ ಅಂಕಪಟ್ಟಿಯಲ್ಲಿ ಮೂರು ವರ್ಷದ ಕೊನೆಗೆ ಕೈಗೆ ಏನು ಸಿಗುತ್ತದೆ ಎಂಬುದಕ್ಕೆ ಅಂಕ. ಎಷ್ಟು ಲೇಖನ, ಪೇಟೆಂಟ್ ಬರುತ್ತದಾ, ತಂತ್ರಜ್ಞಾನ ಯಾರಿಗೆ ಕೊಡುತ್ತೀರಿ. ಗಿಡ ನೆಟ್ಟಿದ್ದೇವೆ ಎಂಬುದಕ್ಕೆ ಅಂಕ ಎಲ್ಲಿಂದ ಬರಬೇಕು? ಮೊದಲ ಗುರಿ ಬಿಡಿ ಅಂದರು. ಬಿಟ್ಟೆವು. ಉಳಿದದ್ದು ಎರಡು: ಬೇರೆ ಬೇರೆ ತೋಟದ ರೋಗಾಣುಗಳನ್ನು ಒಟ್ಟುಹಾಕಿ ತಾಮ್ರಕ್ಕೆ ಎಷ್ಟು ಬಗ್ಗುತ್ತವೆ ಎಂದು ನೋಡುವುದು, ಮತ್ತೆ ಗೊನೆ ಎಷ್ಟು ಹೊತ್ತು ಒದ್ದೆ ಇರುತ್ತದೆ ಎಂದು ಅಳೆದು ಮದ್ದು ಬಿಡಲು ಸರಿಯಾದ ದಿನ ಹೇಳುವುದು. ಎರಡೂ ಉಪಯೋಗದ ಕೆಲಸವೇ, ನಾನು ಪ್ರೀತಿಯಿಂದಲೇ ಮಾಡಿದೆ. ಆದರೆ ಮಾವ ಕೇಳಿದ ಪ್ರಶ್ನೆ ಅದಲ್ಲ.

ಸರ್ಕಾರದ ನೀತಿ ವಿಜ್ಞಾನವನ್ನು ರೂಪಿಸುತ್ತದೆ ಅಂದರೆ ಯಾರೋ ಮಂತ್ರಿ ಇದನ್ನು ಮಾಡಿ, ಅದನ್ನು ಬಿಡಿ ಎಂದು ಆಜ್ಞೆ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ನಾನು ಕಂಡದ್ದು ಹಾಗಲ್ಲ. ಯಾರೂ ಬೇಡ ಅನ್ನಲಿಲ್ಲ. ಒಂದು ಕಾಲಂ ಸಾಕಾಯಿತು.

ಇನ್ನು ಹಣ ಬಂದ ಕಥೆ. ಮಂಜೂರಾತಿ ಪತ್ರ 2022ರ ಮಾರ್ಚ್ ಕೊನೆಗೆ ಬಂತು. ಯೋಜನೆಯ ಅವಧಿ ಅವತ್ತಿನಿಂದಲೇ ಶುರು. ಆದರೆ ಪತ್ರ ಬೇರೆ, ಹಣ ಬೇರೆ. ಈಗ ಕೇಂದ್ರದ ಇಂಥ ಯೋಜನೆಗಳಿಗೆ ಶೂನ್ಯ ಶಿಲ್ಕಿನ ಖಾತೆ ಮಾಡಿದ್ದಾರೆ. ಹಿಂದಿನ ಹಾಗೆ ಸಂಸ್ಥೆಯ ಬ್ಯಾಂಕಿಗೆ ಹಣ ಬಂದು ಕೂರುವುದಿಲ್ಲ. ಇಷ್ಟು ಖರ್ಚು ಮಾಡಬಹುದು ಎಂಬ ಮಿತಿ ಮಾತ್ರ ಬರುತ್ತದೆ. ಬಿಲ್ ಹಾಕಿದಾಗ ಹಣ ನೇರವಾಗಿ ಹೋಗುತ್ತದೆ. ಮಾರ್ಚ್ 31 ದಾಟಿದರೆ ಉಳಿದ ಮಿತಿ ಸೊನ್ನೆ. ಸರ್ಕಾರದ ಹಣ ಎಲ್ಲೆಲ್ಲೋ ಖಾತೆಗಳಲ್ಲಿ ಸುಮ್ನೆ ಮಲಗಿ, ಅತ್ತ ಸರ್ಕಾರ ಬಡ್ಡಿಗೆ ಸಾಲ ತೆಗೆಯುವುದು ತಪ್ಪಬೇಕು ಎಂಬುದು ಇದರ ಉದ್ದೇಶ. ಉದ್ದೇಶ ಸರಿಯೇ. ಆದರೆ ನಮ್ಮ ಖಾತೆ ತೆರೆದು, ನೋಂದಣಿ ಆಗಿ, ಮೊದಲ ಕಂತು ಕಣ್ಣಿಗೆ ಕಾಣುವಾಗ ಅಕ್ಟೋಬರ್ ಆಗಿತ್ತು. 2022ರ ಮಳೆಗಾಲ ಮುಗಿದಿತ್ತು. ನನ್ನನ್ನು ಜೂನಿಯರ್ ರಿಸರ್ಚ್ ಫೆಲೋ (ಜೆಆರ್‌ಎಫ್) ಎಂದು ತೆಗೆದುಕೊಂಡದ್ದೂ ಆಮೇಲೆಯೇ.

ಅಷ್ಟರಲ್ಲಿ ಇನ್ನೊಂದು ಸಂಗತಿ ಆಗಿತ್ತು. ಅರ್ಜಿ ಹಾಕುವಾಗ ಸಂಶೋಧನೆಯ ಉಪಕರಣಗಳಿಗೆ ರಿಯಾಯಿತಿ ದರದಲ್ಲಿ ಶೇಕಡಾ 5 ಜಿಎಸ್‌ಟಿ ಮಾತ್ರ ಇತ್ತು. 2022ರ ಜುಲೈ 18ರಿಂದ ಆ ರಿಯಾಯಿತಿ ಹೋಯಿತು. ನಮಗೆ ಬೇಕಾದ, ಗೊನೆಯ ಒದ್ದೆ ಅಳೆಯುವ ಸಾಧನಕ್ಕೆ ತೆರಿಗೆ ಶೇಕಡಾ 18 ಆಯಿತು. ಮಂಜೂರಾದ ಮೊತ್ತ ಮಾತ್ರ ಹಾಗೆಯೇ ಉಳಿಯಿತು. ಒಂದು ಕೈಯಲ್ಲಿ ಕೇಂದ್ರ ಕೊಟ್ಟ ಹಣ ಇನ್ನೊಂದು ಕೈಯಲ್ಲಿ ತೆರಿಗೆಯಾಗಿ ವಾಪಸ್ ಹೋಗುತ್ತದೆ. ಮೂರು ತೋಟದಲ್ಲಿ ಸಾಧನ ಕೂರಿಸುತ್ತೇವೆ ಎಂದು ಬರೆದಿದ್ದೆವು. ಎರಡಕ್ಕೇ ಸಾಕಾಯಿತು. ಬಿಟ್ಟದ್ದು ಮುಳ್ಳೇರಿಯ ಕಡೆಯ ತೋಟ. ಗುಡ್ಡದ ಇಳಿಜಾರಿನಲ್ಲಿ ಇದ್ದದ್ದು ಅದೊಂದೇ. ಹಾಗಾಗಿ ಇಳಿಜಾರಿನ ತೋಟದಲ್ಲಿ ಗೊನೆ ಎಷ್ಟು ಹೊತ್ತು ಒದ್ದೆ ಇರುತ್ತದೆ ಎಂಬ ಮಾಹಿತಿ ನನ್ನ ಪ್ರಬಂಧದಲ್ಲಿ ಇಲ್ಲ.

ಸಾಧನ ಅಂದರೆ ದೊಡ್ಡದೇನಲ್ಲ. ಎಲೆಯಷ್ಟು ಗಾತ್ರದ ಒಂದು ಫಲಕ. ಮೇಲೆ ನೀರು ಕೂತರೆ ಅದರ ವಿದ್ಯುತ್ ಗುಣ ಬದಲಾಗುತ್ತದೆ, ಪಕ್ಕದ ಪೆಟ್ಟಿಗೆ ಅದನ್ನು ಗಂಟೆ ಗಂಟೆಗೆ ಬರೆದಿಡುತ್ತದೆ. ಇದನ್ನು ಮೊದಲು ಜೆಮ್ ಎಂಬ ಸರ್ಕಾರಿ ಖರೀದಿ ತಾಣದಲ್ಲಿ ಹುಡುಕಬೇಕು. ಅಲ್ಲಿ ಇಲ್ಲ ಎಂದಾದರೆ ಇಲ್ಲ ಎಂಬುದಕ್ಕೂ ಅಲ್ಲಿಂದಲೇ ವರದಿ ತೆಗೆಯಬೇಕು. ಆಮೇಲೆ ಸಮಿತಿ, ಟೆಂಡರು, ಕಡಿಮೆ ದರ ಹೇಳಿದವರಿಗೆ ಆರ್ಡರು. ಮೊದಲ ಸಲ ಕಡಿಮೆ ದರ ಹೇಳಿದವರ ಸಾಧನ ಮನೆಯೊಳಗಿನ ತೇವಾಂಶ ಅಳೆಯುವಂಥದ್ದು. ತೋಟದ ಮಳೆಗೆ ಅದು ನಿಲ್ಲುವುದಿಲ್ಲ ಎಂದು ಬರೆದುಕೊಟ್ಟು ಮತ್ತೆ ಮೊದಲಿನಿಂದ ಶುರು. ಲೆಕ್ಕಪತ್ರ ವಿಭಾಗದವರ ಮೇಲೆ ನನಗೆ ಸಿಟ್ಟಿಲ್ಲ. ನಾಳೆ ಆಡಿಟ್‌ನಲ್ಲಿ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದವರು ಅವರು. ಅಂತೂ ಸಾಧನ ಕೈಗೆ ಬಂದದ್ದು 2023ರ ಆಗಸ್ಟಿನಲ್ಲಿ. ಆ ವರ್ಷ ಕೇರಳಕ್ಕೆ ಮುಂಗಾರು ಜೂನ್ 8ಕ್ಕೆ ತಡವಾಗಿ ಬಂದಿತ್ತು. ಆಗಸ್ಟ್ ಅಂತೂ ಇಡೀ ದೇಶಕ್ಕೇ 1901ರಿಂದ ಈಚೆಗೆ ಅತಿ ಒಣ ಆಗಸ್ಟ್ ಆಯಿತು. ನಾವು ಮರಕ್ಕೆ ಫಲಕ ಕಟ್ಟಿ ಕಾದೆವು. ಮಳೆ ಇರಲಿಲ್ಲ.

(2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಈ ನಿಯಮ ಸಡಿಲಿಸಿತು. ವೈಜ್ಞಾನಿಕ ಸಂಸ್ಥೆಗಳು ದರಪಟ್ಟಿ ಇಲ್ಲದೆ ನೇರವಾಗಿ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮೂಲಕ ಕೊಳ್ಳುವುದು 10 ಲಕ್ಷದಿಂದ 25 ಲಕ್ಷಕ್ಕೆ ಏರಿತು. ಜೆಮ್ ಬಿಟ್ಟು ಹೊರಗೆ ಕೊಳ್ಳಲು ಸಂಸ್ಥೆಯ ಮುಖ್ಯಸ್ಥರೇ ಅನುಮತಿ ಕೊಡಬಹುದು. ಈಗ ಯೋಜನೆ ಶುರು ಮಾಡುವವರು ಈ ಆದೇಶವನ್ನು ಪ್ರಿಂಟ್ ತೆಗೆದು ಕೈಯಲ್ಲಿ ಇಟ್ಟುಕೊಳ್ಳಿ. ತುಂಬಾ ಉಪಯೋಗಕ್ಕೆ ಬರುತ್ತದೆ.)

ಎರಡನೆಯ ಕಂತಿಗೆ ಯುಸಿ ಬೇಕು. ಯುಸಿ ಅಂದರೆ ಕೊಟ್ಟ ಹಣ ಹೇಗೆ ಬಳಸಿದ್ದೀರಿ ಎಂಬ ಪ್ರಮಾಣಪತ್ರ. ನಮಗೆ ಮೊದಲ ಕಂತು ಅಕ್ಟೋಬರಿನಲ್ಲಿ ಬಂದದ್ದರಿಂದ ಮಾರ್ಚ್ ಒಳಗೆ ಪೂರ್ತಿ ಖರ್ಚಾಗಲಿಲ್ಲ. ಖರ್ಚಾಗಲಿಲ್ಲ ಎಂದು ಮುಂದಿನ ಕಂತಿನಲ್ಲಿ ಕಡಿತ ಆಯಿತು. ಆ ಕಂತು ಬಂದದ್ದು 2024ರ ಜನವರಿಯಲ್ಲಿ. ಮಾರ್ಚ್ 31ಕ್ಕೆ ಅದೂ ಮುಗಿಯಬೇಕು. ಜನವರಿಯಿಂದ ಮಾರ್ಚ್ ವರೆಗೆ ಕೊಳೆರೋಗದ ತೋಟದಲ್ಲಿ ಮಾಡುವ ಕೆಲಸ ಎಂತ ಇದೆ? ಪೆಟ್ರಿ ತಟ್ಟೆ, ಅಗಾರ್, ಔಷಧಿ ತೆಗೆದು ಕಪಾಟು ತುಂಬಿಸಿದೆವು. ಜೂನ್‌ನಲ್ಲಿ ಬೇಕಾದದ್ದು ಮರ ಹತ್ತುವವರ ಕೂಲಿ. ಅದನ್ನು ಮಾರ್ಚ್‌ನಲ್ಲಿ ಕೊಂಡು ಇಡಲು ಬರುವುದಿಲ್ಲವಲ್ಲ. ಹೀಗಾಗಿ ಕೆಲಸ ತಾನಾಗಿ ತೋಟದಿಂದ ಲ್ಯಾಬಿನ ಕಡೆ ಸರಿಯುತ್ತದೆ. ನನ್ನ ಪ್ರಬಂಧದ ಅಧ್ಯಾಯಗಳನ್ನು ನೋಡಿ. ಲ್ಯಾಬಿನಲ್ಲಿ ಮಾಡಿದ ಅಧ್ಯಾಯ ದಪ್ಪ ಇದೆ, ತೋಟದ್ದು ತೆಳು. ವಿಷಯದ ಮಹತ್ವ ನೋಡಿದರೆ ತಿರುಗುಮುರುಗಾಗಬೇಕಿತ್ತು.

ಮರ ಹತ್ತುವವರ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಗೊನೆಯ ಮಟ್ಟಕ್ಕೆ ಫಲಕ ಕಟ್ಟಬೇಕು, ವಾರ ವಾರ ಗೊನೆಯಲ್ಲಿ ಎಷ್ಟು ಅಡಿಕೆ ಉಳಿದಿದೆ ಎಂದು ಎಣಿಸಬೇಕು. ಒದ್ದೆ ಮರ ಹತ್ತುವುದು ಜೀವದ ಜೊತೆ ಆಟ. ಈಗಿನ ಹುಡುಗರು ಹತ್ತುವುದಿಲ್ಲ, ಮದ್ದು ಬಿಡುವುದೂ ಗೊನೆ ತೆಗೆಯುವುದೂ ನೆಲದಿಂದಲೇ ಉದ್ದ ಕೋಲಿನ ದೋಟಿಯಲ್ಲೇ ಜಾಸ್ತಿ. ನಮಗೆ ಸಿಕ್ಕಿದವರು ಹಳೆಯ ಅನುಭವಿ. ಅವರಿಗೆ ಕೂಲಿ ಕೊಡಲು ವೋಚರು, ಆಧಾರ್ ಪ್ರತಿ, ಬ್ಯಾಂಕ್ ಖಾತೆ, ಕೆಲಸ ಆಗಿದೆ ಎಂಬ ದೃಢೀಕರಣ. ತೋಟದವರು ಸಂಜೆಗೆ ಕೈಯಲ್ಲಿ ಹಣ ಇಡುತ್ತಾರೆ, ನಮ್ಮದು ತಿಂಗಳು ಕಳೆದ ಮೇಲೆ. ಅವರಿಗೆ ನನ್ನ ಕೈಯಿಂದಲೇ ಕೊಟ್ಟು ಆಮೇಲೆ ನಾನು ಪಡೆದುಕೊಳ್ಳುವುದು ಅಂತ ಮಾಡಿಕೊಂಡೆವು. ಅದೂ ನನ್ನ ಫೆಲೋಶಿಪ್ ಸರಿಯಾಗಿ ಬರುತ್ತಿದ್ದ ತಿಂಗಳುಗಳಲ್ಲಿ. ಕಂತು ಬಾರದೆ ಹೋದಾಗ ನನ್ನ ಸಂಬಳವೂ ನಿಂತಿತು. 2023ರಲ್ಲಿ ಕೇಂದ್ರ ಜೆಆರ್‌ಎಫ್ ಮೊತ್ತವನ್ನು ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿಸಿತು, ಜನವರಿ 1ರಿಂದಲೇ ಅನ್ವಯ. ಒಳ್ಳೆಯದಾಯಿತು. ಆದರೆ ಏರಿದ ಹಣ ಕೊಡಲು ಮಂಜೂರಾತಿ ಪತ್ರವೇ ಪರಿಷ್ಕಾರ ಆಗಬೇಕಿತ್ತು, ಅದಕ್ಕೆ ಮತ್ತೆ ಕಾಯುವುದು. ಮನೆಯಲ್ಲಿ ತೋಟ ಇದ್ದುದರಿಂದ ನಾನು ತಡೆದುಕೊಂಡೆ. ನನ್ನ ಜೊತೆ ಲ್ಯಾಬಿನಲ್ಲಿದ್ದ ಒಬ್ಬಳಿಗೆ ಮನೆ ಬಾಡಿಗೆ ಕಟ್ಟಬೇಕಿತ್ತು, ತಂಗಿಯ ಫೀಸು ಕಟ್ಟಬೇಕಿತ್ತು. ಅವಳು ಬಿಟ್ಟು ಬ್ಯಾಂಕಿನ ಕೆಲಸಕ್ಕೆ ಹೋದಳು. ನಮ್ಮಲ್ಲಿ ಅವಳಷ್ಟು ನಾಜೂಕಾಗಿ ರೋಗಾಣು ಬೇರ್ಪಡಿಸುವವರು ಯಾರೂ ಇರಲಿಲ್ಲ. ಸಂಶೋಧನೆಗೆ ಯಾರು ಉಳಿಯುತ್ತಾರೆ ಎಂಬುದನ್ನೂ ಈ ಕಂತುಗಳೇ ತೀರ್ಮಾನಿಸುತ್ತವೆ.

2024 ಬಂತು. ಮುಂಗಾರು ಮೇ 30ಕ್ಕೇ ಕೇರಳ ಮುಟ್ಟಿತು. ಜುಲೈಯಲ್ಲಿ ಹೊಡೆದ ಮಳೆ ಯಾರೂ ಮರೆಯುವಂಥದ್ದಲ್ಲ, ವಯನಾಡಿನಲ್ಲಿ ಗುಡ್ಡ ಕುಸಿದದ್ದೂ ಆ ತಿಂಗಳ 30ಕ್ಕೆ. ತೋಟಗಳಲ್ಲಿ ಎರಡನೆಯ ಸಲ ಮದ್ದು ಬಿಡಲು ಒಂದು ಒಣ ದಿನ ಸಿಗಲಿಲ್ಲ. ಮಾವನ ತೋಟದಲ್ಲಿ ನಮ್ಮ ಸಾಧನ ಗೊನೆ ದಿನವಿಡೀ ಒದ್ದೆ ಎಂದು ಸಾಲು ಸಾಲು ದಿನ ಬರೆಯಿತು. ಕೆಳಗೆ ಅಡಿಕೆ ಉದುರಿ ಕೊಳೆತ ವಾಸನೆ. ಸಂಶೋಧಕಿಗೆ ಬೇಕಾದ ಮಾಹಿತಿ ಎಲ್ಲ ಸಿಕ್ಕಿತು, ಕೃಷಿಕರ ವರ್ಷದ ದುಡಿಮೆ ನೆಲಕ್ಕೆ ಬಿತ್ತು. ಅಂಗಳದಲ್ಲಿ ನಿಂತು ಮಾವ ಕೇಳಿದರು: "ನಿನ್ನ ಪೆಟ್ಟಿಗೆ ಎಂತ ಹೇಳ್ತದೆ ಮಾರಾಯ್ತಿ?" ಒದ್ದೆ ಇದೆ ಎಂದು ಹೇಳುತ್ತದೆ ಅಂದೆ. "ಅದು ನನಗೂ ಗೊತ್ತುಂಟು. ಆ ಕೆಳಗಿನ ಮರಗಳನ್ನು ನೋಡಿದೆಯಾ?" ಅಂದರು. ನೋಡಿದೆ. ಆ ವರ್ಷವೂ ಅವುಗಳ ಬುಡದಲ್ಲಿ ಕಡಿಮೆ ಬಿದ್ದಿತ್ತು.

ತೋಟದ ಮಣ್ಣು ತೆಗೆಯಲು ಎಣ್ಮಕಜೆ ಪಂಚಾಯತಿನ ಪಡ್ರೆ ಕಡೆಗೂ ಹೋಗಿದ್ದೆ. ಅಲ್ಲಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಮಣ್ಣಿನ ಚೀಲ ಕಂಡು ಬಾಗಿಲಲ್ಲೇ ನಿಲ್ಲಿಸಿದರು. "ಇದು ಯಾವ ಸರ್ವೆ? ಮೊದಲು ನೀರು ತೆಗೆದುಕೊಂಡು ಹೋದರು, ರಕ್ತ ತೆಗೆದುಕೊಂಡು ಹೋದರು. ಎಂತ ಬಂತು ಅಂತ ನಮಗೆ ಯಾರೂ ಬಂದು ಹೇಳಲಿಲ್ಲ." ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ 2000ದ ತನಕ, ಎರಡು ದಶಕಕ್ಕೂ ಜಾಸ್ತಿ ಕಾಲ, ಸುರಿದ ಜಾಗ ಅದು. ತೋಟ ಸರ್ಕಾರಿ ನಿಗಮದ್ದು. ಗೇರಿಗೆ ಬರುವ ಟೀ ಸೊಳ್ಳೆ ಎಂಬ ಕೀಟದ ಕಾಟ ತಡೆಯಲು ಹಣ ಇತ್ತು, ಹೆಲಿಕಾಪ್ಟರಿಗೆ ಹಣ ಇತ್ತು. ಕೆಳಗೆ ಗುಡ್ಡ ಕೊರೆದು ಮಾಡಿದ ಸುರಂಗದ ನೀರಿನಲ್ಲಿ, ತೋಡಿನ ನೀರಿನಲ್ಲಿ ಏನು ಸೇರುತ್ತಿದೆ ಎಂದು ವರ್ಷ ವರ್ಷ ಅಳೆಯುವುದು ಯಾರ ಖರ್ಚಿನ ಪಟ್ಟಿಯಲ್ಲೂ ಇರಲಿಲ್ಲ. ಊರಿನವರೇ ಕೂಗಿ ಹೇಳಿದ ಮೇಲೆ ಅಧ್ಯಯನಗಳು ಬಂದವು. ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ 13ಕ್ಕೆ, ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಕೇರಳಕ್ಕೆ ಹೇಳಿದ್ದು 2017ರಲ್ಲಿ. ಅಜ್ಜಿಗೆ ನಾನು ಫಲಿತಾಂಶ ತಂದು ಹೇಳುತ್ತೇನೆ ಅಂದೆ. ಯೋಜನೆಯಲ್ಲಿ ಫಲಿತಾಂಶವನ್ನು ಕನ್ನಡದಲ್ಲಿ ಅಚ್ಚು ಹಾಕಿ ಹಂಚಲು ಹಣದ ತಲೆಬರಹವೇ ಇಲ್ಲ. ಲೇಖನ ಇಂಗ್ಲಿಷಿನಲ್ಲಿ ಬರುತ್ತದೆ, ಅದಕ್ಕೆ ಲೆಕ್ಕ ಉಂಟು. ನಾನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮಣ್ಣು ಕೊಟ್ಟ ಎಲ್ಲ ಮನೆಗೂ ಕೊಟ್ಟು ಬಂದೆ. ಇದು ಉಪಕಾರ ಅಲ್ಲ, ಮಣ್ಣು ಕೊಟ್ಟವರಿಗೆ ಸಲ್ಲಬೇಕಾದ್ದು.

ದೀರ್ಘ ಕಾಲದ ಕೆಲಸಕ್ಕೆ ನಮ್ಮಲ್ಲಿ ದಾರಿಯೇ ಇರಲಿಲ್ಲವಾ? ಇತ್ತು. ಅದೂ ಇದೇ ಕಾಸರಗೋಡಿನಲ್ಲಿ. ಮದ್ರಾಸ್ ಸರ್ಕಾರ 1916ರಲ್ಲಿ ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರು ಮಾಡಿತು. ನೀಲೇಶ್ವರದ ಕೇಂದ್ರದಲ್ಲಿ 1930ರ ದಶಕದಲ್ಲಿ ಎತ್ತರದ ತೆಂಗು ಮತ್ತು ಗಿಡ್ಡ ತೆಂಗನ್ನು ಕೂಡಿಸಿ ಮಿಶ್ರತಳಿ ಮಾಡಿದರು. 1944ರ ಕಾಯಿದೆ ಕೊಬ್ಬರಿಯ ಮೇಲೆ ಒಂದು ಸೆಸ್ ಹಾಕಿ, ಆ ಹಣವನ್ನು ತೆಂಗಿನ ಸಮಿತಿಯ ಕೈಗೆ ಕೊಟ್ಟಿತು. ಕೊಬ್ಬರಿ ಅರೆಯುವಷ್ಟು ಕಾಲ ಸಂಶೋಧನೆಗೂ ಹಣ ಬರುತ್ತಿತ್ತು. ಅಡಿಕೆಗೂ 1949ರಲ್ಲಿ ಒಂದು ಸಮಿತಿ ಆಯಿತು, ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರಲ್ಲಿ ಶುರುವಾದದ್ದು ಆ ಸಮಿತಿಯಿಂದ. ಸಮಿತಿಗಳು 1960ರ ದಶಕದಲ್ಲಿ ರದ್ದಾಗಿ, 1970ರಲ್ಲಿ ಎಲ್ಲ ಸೇರಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ಆಯಿತು. 1972ರಲ್ಲಿ ವಿಟ್ಲದಿಂದ ಹೊರಬಂದ ಮಂಗಳ ತಳಿ ನಮ್ಮ ಹಿರಿಯರ ತೋಟಗಳಲ್ಲಿ ಇವತ್ತಿಗೂ ಇದೆ. ಅದು ಮೂರು ವರ್ಷದ ಯೋಜನೆಯಲ್ಲಿ ಹುಟ್ಟುವಂಥ ಮರ ಅಲ್ಲ. ಹಣ ನಿಲ್ಲುವುದಿಲ್ಲ ಎಂಬ ಭರವಸೆ ಇದ್ದುದರಿಂದ ಜನ ಗಿಡ ನೆಟ್ಟು ಕಾದರು.

ಈಗ ದೇಶದಲ್ಲಿ ಹೊಸ ಹಣದ ಮಾತು ಜೋರಾಗಿದೆ. 2020-21ರ ಲೆಕ್ಕದಲ್ಲಿ ದೇಶದ ಒಟ್ಟು ಉತ್ಪನ್ನದಲ್ಲಿ ನಾವು ಸಂಶೋಧನೆಗೆ ಹಾಕಿದ್ದು ಶೇಕಡಾ 0.64. ದಕ್ಷಿಣ ಕೊರಿಯಾ ಶೇಕಡಾ 4ಕ್ಕೂ ಮೇಲೆ. ಈ ಕೊರತೆ ತುಂಬಲು 2023ರ ಕಾಯಿದೆಯಿಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಹುಟ್ಟಿತು. ಐದು ವರ್ಷಕ್ಕೆ 50,000 ಕೋಟಿ ಎಂದರು. ಅದರಲ್ಲಿ ಸರ್ಕಾರದ್ದು 14,000 ಕೋಟಿ, ಉಳಿದ ದೊಡ್ಡ ಪಾಲು ಹೊರಗಿನಿಂದ, ಮುಖ್ಯವಾಗಿ ಖಾಸಗಿಯವರಿಂದ ಬರಬೇಕು. 2025ರ ಜುಲೈಯಲ್ಲಿ 1 ಲಕ್ಷ ಕೋಟಿಯ ಇನ್ನೊಂದು ನಿಧಿಗೆ ಒಪ್ಪಿಗೆ ಸಿಕ್ಕಿತು. ಖಾಸಗಿ ಕಂಪನಿಗಳು ಸಂಶೋಧನೆಗೆ ಇಳಿಯಲಿ ಎಂದು ಕಡಿಮೆ ಬಡ್ಡಿಗೆ ಅಥವಾ ಬಡ್ಡಿಯಿಲ್ಲದೆ ದೀರ್ಘ ಕಾಲದ ಸಾಲ ಕೊಡುವ ನಿಧಿ. ಚಿಪ್, ಬ್ಯಾಟರಿ, ಔಷಧಿ ಮಾಡುವವರಿಗೆ ಇದು ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಮೈಲುತುತ್ತು ಮತ್ತು ಸುಣ್ಣಕ್ಕೆ ಪೇಟೆಂಟ್ ಇಲ್ಲ. ಕೊಳೆರೋಗ ತಡೆಯುವ ಒಂದು ಮರ ಸಿಕ್ಕಿದರೆ ಕೃಷಿಕರು ಅದರ ಬೀಜ ತೆಗೆದು ನೆರೆಯವರಿಗೆ ಕೊಡುತ್ತಾರೆ. ಅದರಲ್ಲಿ ಲಾಭ ಕಾಣುವ ಕಂಪನಿ ಯಾವುದು? ಇಂಥ ಪ್ರಶ್ನೆಗೆ ಸಾರ್ವಜನಿಕ ಹಣ ಬಿಟ್ಟರೆ ಬೇರೆ ದಾರಿ ಇಲ್ಲ. ಆ ಹಣಕ್ಕೂ ಹನ್ನೆರಡು ವರ್ಷ ಕಾಯುವ ತಾಳ್ಮೆ ಇರಬೇಕು, ಜೂನ್‌ಗೆ ಮೊದಲೇ ತೋಟಕ್ಕೆ ತಲುಪಬೇಕು.

ನಮ್ಮ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಮೂರು ವರ್ಷದಲ್ಲಿ ನಮಗೆ ಪೂರ್ತಿ ಸಿಕ್ಕಿದ ಮಳೆಗಾಲ ಒಂದೇ, 2024ರದ್ದು. ಅವಧಿ ವಿಸ್ತರಿಸಿ ಎಂದು ಕೇಳಿದೆವು. ಹಣವಿಲ್ಲದ ವಿಸ್ತರಣೆ ಸಿಕ್ಕಿತು. ಅಂದರೆ ಸಾಧನ ತೋಟದಲ್ಲಿ ಇರಬಹುದು, ಸಂಬಳ ಇಲ್ಲ, ಕೂಲಿಗೆ ಹಣ ಇಲ್ಲ. ಆ ವರ್ಷ ಮುಂಗಾರು ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದೇ ಇಲ್ಲ. ಮೊದಲ ಸಲದ ಮದ್ದು ಬಿಡುವ ಮೊದಲೇ ಮಳೆ ಹಿಡಿದರೆ ಏನಾಗುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ವರ್ಷ ಸಿಗುವುದಿಲ್ಲ. ಮೇಡಂ ತಮ್ಮ ಕಾರಿನಲ್ಲಿ ಬಂದು ಬ್ಯಾಟರಿ ಬದಲಿಸಿದರು. ಮಾವ ಕೂಲಿ ತೆಗೆದುಕೊಳ್ಳದೆ ತಮ್ಮ ಮಗನ ಕೈಗೆ ದೋಟಿ ಕೊಟ್ಟು ನಿಲ್ಲಿಸಿದರು. ಮಾಹಿತಿ ಉಳಿಯಿತು. ಹೀಗೆ ಉಳಿಯುವುದು ಸರಿಯಾದ ವ್ಯವಸ್ಥೆ ಅಲ್ಲ ಎಂಬುದನ್ನು ಅಂತಿಮ ವರದಿಯಲ್ಲೂ ಬರೆದಿದ್ದೇವೆ.

ಕೆಳಗಿನ ಬದಿಯ ಆ ಮರಗಳ ಬೀಜದಡಿಕೆಯನ್ನು ಮಾವ 2024ರ ಜನವರಿಯಲ್ಲಿ ತೆಗೆದು ತಮ್ಮ ಖರ್ಚಿನಲ್ಲೇ ಗಿಡ ಮಾಡಿದ್ದರು. 2025ರಲ್ಲಿ ನೆಟ್ಟಾಯಿತು. ಸ್ವಲ್ಪ ಅವರ ತೋಟದಲ್ಲಿ, ಸ್ವಲ್ಪ ಮುಳ್ಳೇರಿಯದ ಇಳಿಜಾರಿನ ತೋಟದಲ್ಲಿ, ಇನ್ನು ಸ್ವಲ್ಪ ಗಡಿಯಾಚೆ ವಿಟ್ಲದ ಹತ್ತಿರ ಅವರ ತಂಗಿಯ ಮನೆಯಲ್ಲಿ. ಯಾವ ಗಿಡ ಯಾವ ತಾಯಿ ಮರದ್ದು ಎಂದು ನಂಬರು ಹಾಕಿ ತಗಡು ಕಟ್ಟಿದ್ದೇನೆ. ಆ ನಂಬರುಗಳ ಪಟ್ಟಿಯ ಒಂದು ಪ್ರತಿ ಮೇಡಂ ಹತ್ತಿರ, ಒಂದು ಮಾವನ ಹತ್ತಿರ. ಫಸಲು ಬರುವಾಗ 2030 ದಾಟುತ್ತದೆ.

ಈ ಗಿಡಗಳ ಹೆಸರಿನಲ್ಲೇ ಹೊಸ ಅರ್ಜಿ ಹಾಕಿದ್ದೇವೆ. ಕಾಲಂನಲ್ಲಿ 36 ತಿಂಗಳೇ ಇದೆ, ಜೊತೆಗೆ ಹತ್ತು ವರ್ಷದ ಯೋಜನೆಯನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿ, ಕಂತನ್ನು ಏಪ್ರಿಲ್‌ನಲ್ಲಿ ಕೊಡಿ ಎಂದು ಕಾರಣ ಸಹಿತ ಕೇಳಿದ್ದೇವೆ. ಓದುತ್ತಿರುವವರಲ್ಲಿ ತೋಟದವರು ಇದ್ದರೆ ಒಂದು ಕೋರಿಕೆ. ಸುತ್ತಲಿನ ಮರ ಉದುರಿದರೂ ತಾನು ಕಡಿಮೆ ಉದುರುವ ಮರ ನಿಮ್ಮಲ್ಲೂ ಇದ್ದರೆ ಬಣ್ಣದ ಗುರುತು ಹಾಕಿ. ಪ್ರತಿ ಮಳೆಗಾಲ ಅದರ ಬುಡದಲ್ಲಿ ಬಿದ್ದದ್ದನ್ನೂ ಪಕ್ಕದ ಎರಡು ಮರದ ಬುಡದಲ್ಲಿ ಬಿದ್ದದ್ದನ್ನೂ ಎಣಿಸಿ, ತಾರೀಕು ಹಾಕಿ ಬರೆದಿಡಿ. ಆ ವರ್ಷ ಎಷ್ಟು ಸಲ ಮದ್ದು ಬಿಟ್ಟಿರಿ, ಯಾವ ದಿನ ಬಿಟ್ಟಿರಿ ಎಂಬುದನ್ನೂ ಬರೆಯಿರಿ. ಮುಂದೆ ಈ ಕೆಲಸಕ್ಕೆ ಯಾರು ಬಂದರೂ ಆ ಪುಸ್ತಕ ಕೇಳಿಯೇ ಕೇಳುತ್ತಾರೆ.